ಎನ್‌ಎಫ್‌ಎಲ್ ಫ್ಯಾಂಟಸಿ ಡ್ರಾಫ್ಟ್: ಅಗ್ಗಕ್ಕೆ ಸಿಗುವ ಆಟಗಾರರನ್ನು ಹುಡುಕಲು ನಾನು ಕಟ್ಟಿದ ಶೀಟ್

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಸೀಸನ್ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚೆ, ಆಗಸ್ಟ್ ಕೊನೆಯ ಹೊತ್ತಿಗೆ, ಅಮೆರಿಕದ ಎಷ್ಟೋ ಆಫೀಸುಗಳಲ್ಲಿ ಫ್ಯಾಂಟಸಿ ಡ್ರಾಫ್ಟ್ ನಡೆಯುತ್ತದೆ. ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ಪ್ರತಿಯೊಬ್ಬರೂ ತಮ್ಮ ತಂಡ ಕಟ್ಟುತ್ತಾರೆ, ಆ ಆಟಗಾರರು ಮೈದಾನದಲ್ಲಿ ಆಡಿದ್ದಕ್ಕೆ ತಕ್ಕಂತೆ ಅಂಕ ಬರುತ್ತದೆ. ಇಲ್ಲಿಗೆ ಕೆಲಸಕ್ಕೆ ಬಂದ ಕನ್ನಡಿಗರಲ್ಲಿ ಹಲವರಿಗೆ ಅಮೆರಿಕನ್ ಫುಟ್‌ಬಾಲ್ ಅರ್ಥವಾಗುವುದೇ ಈ ಲೀಗ್‌ಗಳಿಂದ. ನನಗೂ ಹಾಗೇ ಆಯಿತು. ಈ ಸಲದ ಡ್ರಾಫ್ಟ್‌ಗೆ ನಾನು ಒಂದು ಗೂಗಲ್ ಶೀಟ್ ಮತ್ತು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಕಟ್ಟಿದ್ದೇನೆ. ಏನೇನು ಹಾಕಿದೆ, ಯಾಕೆ ಹಾಕಿದೆ, ಎಲ್ಲೆಲ್ಲಿ ಡೇಟಾ ಕೈಕೊಟ್ಟಿತು ಅನ್ನುವುದನ್ನು ಬರೆದಿಟ್ಟರೆ ಬೇರೆಯವರಿಗೂ ಉಪಯೋಗ.

ಕಟ್ಟುವಾಗ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಡ್ರಾಫ್ಟ್‌ನಲ್ಲಿ ಆಟಗಾರನ ಬೆಲೆ ನಿಲ್ಲುವುದು ಹೋದ ವರ್ಷ ಅವನು ತಂದ ಅಂಕದ ಮೇಲೆ. ಈ ವರ್ಷ ಅಂಕ ಬರುವುದು ಅವನಿಗೆ ಸಿಗುವ ಕೆಲಸದಿಂದ. ಚೆಂಡು ಎಷ್ಟು ಸಲ ಅವನ ಕಡೆ ಬರುತ್ತದೆ, ಮೈದಾನದ ಯಾವ ಜಾಗದಲ್ಲಿ ಬರುತ್ತದೆ ಅನ್ನುವುದೇ ಮುಖ್ಯ. ಈ ಎರಡರ ನಡುವಿನ ಅಂತರವೇ ನಮಗೆ ಸಿಗುವ ಲಾಭ.

ನಮ್ಮ ಲೀಗ್ ಹೀಗಿದೆ. 12 ತಂಡ, ಸ್ನೇಕ್ ಡ್ರಾಫ್ಟ್. ಐಪಿಎಲ್ ಥರ ಹರಾಜು ಇಲ್ಲ. ಮೊದಲ ಸುತ್ತು 1ರಿಂದ 12ಕ್ಕೆ ಹೋದರೆ, ಎರಡನೆಯದು 12ರಿಂದ 1ಕ್ಕೆ ಹಿಂದೆ ಬರುತ್ತದೆ. ಪ್ರತಿ ವಾರ ಒಬ್ಬ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು), ಇಬ್ಬರು ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು), ಇಬ್ಬರು ವೈಡ್ ರಿಸೀವರ್ (ಪಾಸ್ ಹಿಡಿಯುವವರು), ಒಬ್ಬ ಟೈಟ್ ಎಂಡ್ (ಪಾಸ್ ಹಿಡಿಯುವ, ಎದುರಾಳಿಯನ್ನು ತಡೆಯುವ ಆಟಗಾರ), ಒಂದು ಫ್ಲೆಕ್ಸ್ (ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್‌ಗಳಲ್ಲಿ ಯಾರಾದರೂ ಒಬ್ಬ), ಒಬ್ಬ ಕಿಕರ್, ಒಂದು ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ) ಆಡಿಸಬೇಕು. ಫುಲ್ ಪಿಪಿಆರ್ ಅಂಕ: ಕ್ಯಾಚ್‌ಗೆ 1, ಓಡಿದ ಅಥವಾ ಹಿಡಿದ 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸುವುದು) 6. ಕ್ವಾರ್ಟರ್‌ಬ್ಯಾಕ್ ಎಸೆದ 25 ಯಾರ್ಡ್‌ಗೆ 1, ಪಾಸಿಂಗ್ ಟಚ್‌ಡೌನ್‌ಗೆ 4. ನಿಮ್ಮ ಲೀಗ್‌ನ ನಿಯಮ ಬೇರೆ ಇದ್ದರೆ ಶೀಟ್‌ನ ಉತ್ತರವೂ ಬೇರೆ ಬರುತ್ತದೆ. ಹಾಗಾಗಿ ನಿಯಮಗಳನ್ನೆಲ್ಲ ಒಂದೇ ಟ್ಯಾಬ್‌ನಲ್ಲಿ ಇಟ್ಟೆ. ಅಲ್ಲಿ ಒಂದು ಸಂಖ್ಯೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ.

ಡೇಟಾ ತರುವುದು

ಎನ್‌ಎಫ್‌ಎಲ್‌ವರ್ಸ್ ಅನ್ನುವ ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ. 1999ರಿಂದ ಈಚಿನ ಪ್ರತಿಯೊಂದು ಆಟದ ಪ್ಲೇ-ಬೈ-ಪ್ಲೇ ಡೇಟಾ, ಅಂದರೆ ಒಂದೊಂದು ಪ್ಲೇನಲ್ಲೂ ಏನಾಯಿತು ಅನ್ನುವ ದಾಖಲೆ, ಅಲ್ಲಿ ಉಚಿತವಾಗಿ ಸಿಗುತ್ತದೆ. ಆಟಗಾರರ ವಾರವಾರದ ಅಂಕಿಅಂಶ ಬೇರೆ ಫೈಲ್‌ನಲ್ಲಿದೆ. ಟಾರ್ಗೆಟ್ (ಆಟಗಾರನ ಕಡೆಗೆ ಎಸೆದ ಪಾಸ್) ಎಷ್ಟು, ತಂಡದ ಒಟ್ಟು ಟಾರ್ಗೆಟ್‌ನಲ್ಲಿ ಅವನ ಪಾಲು ಎಷ್ಟು, ಏರ್ ಯಾರ್ಡ್ (ಪಾಸ್ ಗಾಳಿಯಲ್ಲಿ ಸಾಗಿದ ದೂರ) ಎಷ್ಟು, ಎಲ್ಲ ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಇಂಥದ್ದನ್ನು ಜನ ಸ್ವಂತ ಸಮಯ ಕೊಟ್ಟು ನಡೆಸುತ್ತಿದ್ದಾರೆ ಅನ್ನುವುದು ನನಗೆ ನಿಜಕ್ಕೂ ದೊಡ್ಡ ವಿಷಯ.

ತೊಂದರೆ ಶುರುವಾಗುವುದು ಇದನ್ನು ಎಡಿಪಿ ಪಟ್ಟಿಯ ಜೊತೆ ಜೋಡಿಸುವಾಗ. ಎಡಿಪಿ ಅಂದರೆ ಡ್ರಾಫ್ಟ್‌ಗಳಲ್ಲಿ ಒಬ್ಬ ಆಟಗಾರ ಸರಾಸರಿ ಎಷ್ಟನೇ ನಂಬರಿಗೆ ಹೋಗುತ್ತಿದ್ದಾನೆ ಅನ್ನುವುದು. ಅದೇ ಅವನ ಬೆಲೆ. ಒಂದು ಫೈಲ್‌ನಲ್ಲಿ ಗೇಬ್ ಡೇವಿಸ್, ಇನ್ನೊಂದರಲ್ಲಿ ಗೇಬ್ರಿಯಲ್ ಡೇವಿಸ್. ಒಂದರಲ್ಲಿ ಮಾರ್ಕೀಸ್ ಬ್ರೌನ್, ಇನ್ನೊಂದರಲ್ಲಿ ಹಾಲಿವುಡ್ ಬ್ರೌನ್. ಕೆನೆತ್ ವಾಕರ್ ಹೆಸರಿನ ಕೊನೆಗೆ ‘ದಿ ಥರ್ಡ್’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಡಿ.ಜೆ. ಮೂರ್ ಹೆಸರಿನ ಚುಕ್ಕಿಗಳೂ ಹಾಗೇ. ಇನ್ನೂ ಕೆಟ್ಟದ್ದು ಒಂದೇ ಹೆಸರಿನ ಇಬ್ಬರು. ಹಳೆಯ ಸೀಸನ್‌ಗಳಲ್ಲಿ ಜಾಶ್ ಆ್ಯಲನ್ ಅಂತ ಹುಡುಕಿದರೆ ಬಫಲೋದ ಕ್ವಾರ್ಟರ್‌ಬ್ಯಾಕ್ ಸಿಗುತ್ತಾರೆ, ಜಾಕ್ಸನ್‌ವಿಲ್‌ನ ಡಿಫೆನ್ಸ್ ಆಟಗಾರರೂ ಸಿಗುತ್ತಾರೆ. ಆ ಎರಡನೆಯವರು 2024ರಲ್ಲಿ ತಮ್ಮ ಹೆಸರನ್ನು ಜಾಶ್ ಹೈನ್ಸ್-ಆ್ಯಲನ್ ಅಂತ ಬದಲಿಸಿಕೊಂಡರು. ತಂಡಗಳ ಚಿಕ್ಕ ಹೆಸರೂ ಒಂದೇ ಥರ ಇಲ್ಲ. ರ‍್ಯಾಮ್ಸ್ ಒಂದು ಕಡೆ ಎಲ್‌ಎ, ಇನ್ನೊಂದು ಕಡೆ ಎಲ್‌ಎಆರ್.

ಹೆಸರಿನ ಮೇಲೆ ಜೋಡಿಸಲು ಹೋಗಬೇಡಿ. ಡೈನಾಸ್ಟಿ ಪ್ರೋಸೆಸ್ ಅನ್ನುವ ಪ್ರಾಜೆಕ್ಟ್ ಆಟಗಾರರ ಐಡಿಗಳ ಒಂದು ಸಿಎಸ್‌ವಿ ಫೈಲ್ ಕೊಡುತ್ತದೆ. ಎನ್‌ಎಫ್‌ಎಲ್‌ನ ಜಿಎಸ್‌ಐಎಸ್ ಐಡಿ, ಸ್ಲೀಪರ್ ಆ್ಯಪ್‌ನ ಐಡಿ, ಇಎಸ್‌ಪಿಎನ್ ಐಡಿ ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಅದನ್ನು ನಡುವೆ ಇಟ್ಟುಕೊಂಡರೆ ಹೆಸರಿನ ಗೋಳು ಬಹುಪಾಲು ತಪ್ಪುತ್ತದೆ. ಎಡಿಪಿಯ ಮೊದಲ 200 ಜನರಲ್ಲಿ ಐಡಿ ಸಿಗದವರನ್ನು ಸ್ಕ್ರಿಪ್ಟ್ ಕೆಂಪು ಬಣ್ಣದಲ್ಲಿ ತೋರಿಸುವಂತೆ ಮಾಡಿ, ಅವರನ್ನು ಕೈಯಿಂದಲೇ ತುಂಬಿಸಿದೆ. ಬೇಜಾರಿನ ಕೆಲಸ. ಆದರೆ ಒಂದು ಸಾಲು ತಪ್ಪಿದರೂ ಡ್ರಾಫ್ಟ್ ದಿನ ಒಳ್ಳೆಯ ಆಟಗಾರ ಪಟ್ಟಿಯಲ್ಲೇ ಕಾಣುವುದಿಲ್ಲ.

ಎಲ್ಲರಿಗೂ ಸಿಗುವ ಆಟಗಾರ ಎಷ್ಟು ಅಂಕ ತರುತ್ತಾನೆ?

ಬರೀ ಅಂಕ ನೋಡಿದರೆ ಕ್ವಾರ್ಟರ್‌ಬ್ಯಾಕ್‌ಗಳೇ ಪಟ್ಟಿಯ ಮೇಲೆ ಕೂರುತ್ತಾರೆ. ಅವರನ್ನು ಮೊದಲೇ ಆರಿಸಿಕೊಳ್ಳುವುದು ಸರಿಯಲ್ಲ ಅನ್ನುವುದನ್ನು ಲೆಕ್ಕದಲ್ಲಿ ತೋರಿಸಿಕೊಟ್ಟದ್ದು ಫುಟ್‌ಬಾಲ್‌ಗೈಸ್‌ನ ಜೋ ಬ್ರಯಂಟ್ ಅವರ ವ್ಯಾಲ್ಯೂ ಬೇಸ್ಡ್ ಡ್ರಾಫ್ಟಿಂಗ್. ಒಬ್ಬ ಆಟಗಾರನ ಅಂಕದಿಂದ ಅದೇ ಪೊಸಿಷನ್‌ನಲ್ಲಿ ಸುಲಭವಾಗಿ ಸಿಗುವ ಆಟಗಾರನ ಅಂಕ ಕಳೆಯಬೇಕು. ಉಳಿದದ್ದೇ ಅವನ ನಿಜವಾದ ಮೌಲ್ಯ. ಸುಮ್ನೆ ಒಂದು ಲೆಕ್ಕ ನೋಡಿ. ಮೇಲಿನ ಕ್ವಾರ್ಟರ್‌ಬ್ಯಾಕ್ 340 ಅಂಕ, 12ನೆಯವನು 290. ವ್ಯತ್ಯಾಸ 50. ರನ್ನಿಂಗ್ ಬ್ಯಾಕ್ 250, ಕಡೆಗೆ ಸಿಗುವವನು 150. ವ್ಯತ್ಯಾಸ 100. ಹಾಗಾಗಿ 250ರವನೇ ಜಾಸ್ತಿ ಬೆಲೆಯವನು.

ಸುಲಭವಾಗಿ ಸಿಗುವ ಆಟಗಾರ ಯಾರು ಅನ್ನುವ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್ 12, ರನ್ನಿಂಗ್ ಬ್ಯಾಕ್ 24, ರಿಸೀವರ್ 24, ಟೈಟ್ ಎಂಡ್ 12 ಅನ್ನುವುದು ಸುಲಭ. ಇನ್ನೂ 12 ಫ್ಲೆಕ್ಸ್ ಜಾಗ ಉಳಿಯುತ್ತವೆ. ಅವನ್ನು ಊಹೆಯ ಮೇಲೆ ಹಂಚುವ ಬದಲು ಶೀಟ್‌ನಿಂದಲೇ ಹಂಚಿಸಿದೆ. ಮೊದಲ ಜಾಗಗಳು ತುಂಬಿದ ಮೇಲೆ ಉಳಿದ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್‌ಗಳನ್ನೆಲ್ಲ ಒಂದೇ ಪಟ್ಟಿ ಮಾಡಿ, ಅಂಕದ ಪ್ರಕಾರ ಮೇಲಿನ 12 ಜನರನ್ನು ತೆಗೆಯುತ್ತದೆ. ಆಮೇಲೆ ಪ್ರತಿ ಪೊಸಿಷನ್‌ನಲ್ಲಿ ಆಯ್ಕೆಯಾಗದೆ ಉಳಿದ ಮೊದಲನೆಯವನೇ ಗೆರೆ. ಫುಲ್ ಪಿಪಿಆರ್‌ನಲ್ಲಿ ಕ್ಯಾಚ್‌ಗೆ ಅಂಕ ಇರುವುದರಿಂದ ಫ್ಲೆಕ್ಸ್‌ಗೆ ರಿಸೀವರ್‌ಗಳೇ ಹೆಚ್ಚು ಬರುತ್ತಾರೆ.

ಗಾಯಗೊಂಡು ಹೊರಗುಳಿದ ಪಂದ್ಯಗಳನ್ನು ಏನು ಮಾಡುವುದು? ಸೊನ್ನೆ ಹಾಕಿದರೆ ಅನ್ಯಾಯ. ಆಟಗಾರ ಹೊರಗಿದ್ದರೆ ನಾವು ಬೆಂಚಿನಿಂದ ಇನ್ನೊಬ್ಬನನ್ನು ಆಡಿಸುತ್ತೇವೆ ಅಲ್ವಾ? ಪಂದ್ಯಕ್ಕೆ 18 ಅಂಕದಂತೆ 12 ಪಂದ್ಯ ಆಡಿದವನದ್ದು 216. ಉಳಿದ 5 ಪಂದ್ಯಕ್ಕೆ ಬದಲಿ ಆಟಗಾರನ 9 ಅಂಕದಂತೆ 45 ಸೇರಿದರೆ 261. ಪಂದ್ಯಕ್ಕೆ 15ರಂತೆ 17 ಪಂದ್ಯವೂ ಆಡಿದವನದ್ದು 255. ಬರೀ ಒಟ್ಟು ಅಂಕದ ಪಟ್ಟಿಯಲ್ಲಿ ಎರಡನೆಯವನು ಎಷ್ಟೋ ಮೇಲಿರುತ್ತಾನೆ. ರ‍್ಯಾಮ್ಸ್‌ನ ಕೈರನ್ ವಿಲಿಯಮ್ಸ್ 2023ರಲ್ಲಿ ಆಡಿದ್ದು 12 ಪಂದ್ಯ ಮಾತ್ರ. ಅಷ್ಟರಲ್ಲೇ 1,144 ಯಾರ್ಡ್ ಓಡಿ, 12 ರಶಿಂಗ್ ಟಚ್‌ಡೌನ್ ಗಳಿಸಿದರು. ಇಂಥವರು ಒಟ್ಟು ಅಂಕದ ಪಟ್ಟಿಯಲ್ಲಿ ಯಾವಾಗಲೂ ತಮ್ಮ ಯೋಗ್ಯತೆಗಿಂತ ಕೆಳಗೆ ಕಾಣುತ್ತಾರೆ.

ಟಚ್‌ಡೌನ್ ಅನ್ನು ಬಿಚ್ಚಿ ನೋಡುವುದು

ಇಡೀ ಶೀಟ್‌ನಲ್ಲಿ ನಾನು ಜಾಸ್ತಿ ಹೊತ್ತು ಕೂತದ್ದು ಇಲ್ಲೇ. ಫ್ಯಾಂಟಸಿ ಫುಟ್‌ಬಾಲ್ 1962ರಲ್ಲಿ ಓಕ್‌ಲ್ಯಾಂಡ್ ರೇಡರ್ಸ್‌ನ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರ ಕೈಯಲ್ಲಿ ಹುಟ್ಟಿದಾಗ ಲೆಕ್ಕ ಹಾಕುತ್ತಿದ್ದದ್ದು ಮುಖ್ಯವಾಗಿ ಟಚ್‌ಡೌನ್‌ಗಳನ್ನೇ. ಇವತ್ತಿಗೂ ಜನರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಟಾರ್ಗೆಟ್ ಎಷ್ಟು ಸ್ಥಿರವಾಗಿ ಉಳಿಯುತ್ತದೋ ಟಚ್‌ಡೌನ್ ಅಷ್ಟು ಉಳಿಯುವುದಿಲ್ಲ.

ಡಿಯಾಂಟೆ ಜಾನ್ಸನ್ ಅವರ 2022ರ ಸೀಸನ್ ನೋಡಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರ ಕಡೆ 147 ಸಲ ಚೆಂಡು ಎಸೆಯಿತು. 86 ಕ್ಯಾಚ್, 882 ಯಾರ್ಡ್. ಟಚ್‌ಡೌನ್ ಸೊನ್ನೆ. ಇಡೀ ಎನ್‌ಎಫ್‌ಎಲ್‌ನ ಸರಾಸರಿ ತೆಗೆದರೆ 100 ಟಾರ್ಗೆಟ್‌ಗೆ 4ರಿಂದ 5 ಟಚ್‌ಡೌನ್ ಬರುತ್ತವೆ. ಆ ಲೆಕ್ಕದಲ್ಲಿ 147ಕ್ಕೆ ಆರರ ಸುತ್ತಮುತ್ತ ಬರಬೇಕಿತ್ತು. ಅಂದರೆ 36 ಅಂಕ ಅವರ ಹೆಸರಿನ ಮುಂದೆ ಕಾಣೆ. 2023ರಲ್ಲಿ ಗಾಯದಿಂದ ಕೆಲವು ಪಂದ್ಯ ತಪ್ಪಿ ಹಿಡಿದದ್ದು 51 ಕ್ಯಾಚ್ ಮಾತ್ರ. ಆದರೂ 5 ಟಚ್‌ಡೌನ್ ಬಂದವು. ಟಚ್‌ಡೌನ್ ವಾಪಸ್ ಬಂತು, ಪಂದ್ಯಗಳು ಕೈತಪ್ಪಿದವು. ಶೀಟ್ ಮೊದಲನೆಯದನ್ನು ಹೇಳಬಲ್ಲದು, ಎರಡನೆಯದನ್ನು ಹೇಳಲಾರದು.

ಸರಾಸರಿಗಿಂತ ಒಳ್ಳೆಯ ಲೆಕ್ಕ ಬೇಕಾದರೆ ಪ್ಲೇ-ಬೈ-ಪ್ಲೇ ಫೈಲ್‌ಗೇ ಹೋಗಬೇಕು. ಪ್ರತಿ ಪ್ಲೇ ಗೋಲ್ ಲೈನಿನಿಂದ ಎಷ್ಟು ಯಾರ್ಡ್ ದೂರದಲ್ಲಿ ಶುರುವಾಯಿತು ಅನ್ನುವ ಕಾಲಂ ಅದರಲ್ಲಿದೆ. ಹಿಂದಿನ ಕೆಲವು ಸೀಸನ್‌ಗಳ ಎಲ್ಲ ಓಟಗಳನ್ನು ಆ ದೂರದ ಪ್ರಕಾರ ಗುಂಪು ಮಾಡಿ, ಪ್ರತಿ ದೂರಕ್ಕೆ ಟಚ್‌ಡೌನ್ ಆಗುವ ಸಾಧ್ಯತೆ ತೆಗೆದೆ. 1 ಯಾರ್ಡ್‌ನಿಂದ ಓಡಿದರೆ ಸುಮಾರು ಅರ್ಧ ಸಲ ಟಚ್‌ಡೌನ್ ಆಗುತ್ತದೆ. ನಾಲ್ಕೈದು ಯಾರ್ಡ್ ಹಿಂದೆ ಸರಿದರೆ ಅದು ತೀರಾ ಕಡಿಮೆಯಾಗುತ್ತದೆ. ಆಮೇಲೆ ಒಬ್ಬ ಆಟಗಾರನ ಎಲ್ಲ ಓಟಗಳ ಸಾಧ್ಯತೆ ಕೂಡಿಸಿದರೆ ಅವನಿಗೆ ಬರಬೇಕಿದ್ದ ಟಚ್‌ಡೌನ್ ಸಂಖ್ಯೆ ಸಿಗುತ್ತದೆ. ನಿಜವಾಗಿ ಬಂದದ್ದು ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ಹಸಿರು, ತುಂಬಾ ಜಾಸ್ತಿ ಇದ್ದರೆ ಕೆಂಪು. ಕ್ಯಾಚ್‌ಗಳಿಗೂ ಇದೇ ವಿಧಾನ. ಪಾಸ್ ಎಷ್ಟು ದೂರ ಹೋಯಿತು ಅನ್ನುವುದನ್ನು ಮಾತ್ರ ಸೇರಿಸಿಕೊಳ್ಳಬೇಕು.

ಇಷ್ಟರಲ್ಲೇ ಮುಗಿಯಿತು ಅಂದುಕೊಳ್ಳಬೇಡಿ. ಜಮಾಲ್ ವಿಲಿಯಮ್ಸ್ ಅವರ ಉದಾಹರಣೆ ಈ ಲೆಕ್ಕಕ್ಕೂ ಸಿಗುವುದಿಲ್ಲ. 2022ರಲ್ಲಿ ಡೆಟ್ರಾಯಿಟ್ ಲಯನ್ಸ್‌ಗೆ ಆಡಿ 17 ರಶಿಂಗ್ ಟಚ್‌ಡೌನ್ ಗಳಿಸಿದರು. ಆ ವರ್ಷ ಲೀಗ್‌ನಲ್ಲೇ ಅದು ಹೆಚ್ಚು. 1991ರಲ್ಲಿ ಬ್ಯಾರಿ ಸ್ಯಾಂಡರ್ಸ್ ಮಾಡಿದ್ದ 16ರ ತಂಡದ ದಾಖಲೆಯನ್ನೂ ಮುರಿದರು. 1,066 ಯಾರ್ಡ್‌ನಿಂದ 106.6 ಅಂಕ, ಟಚ್‌ಡೌನ್‌ನಿಂದ 102 ಅಂಕ. ಹೆಚ್ಚಿನ ಟಚ್‌ಡೌನ್ ಗೋಲ್ ಲೈನಿನ ಪಕ್ಕದಿಂದಲೇ ಬಂದಿದ್ದವು. ಹಾಗಾಗಿ ಬರಬೇಕಿದ್ದ ಟಚ್‌ಡೌನ್ ಲೆಕ್ಕವೂ ಅವರಿಗೆ ದೊಡ್ಡದೇ ಇರುತ್ತದೆ. ಬರೀ ಅದೃಷ್ಟ ಅನ್ನುವ ಹಾಗಿರಲಿಲ್ಲ. ಮುಂದಿನ ವರ್ಷ ಅವರು ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದರು. ಅಲ್ಲಿ ಓಡುವ ಕೆಲಸಕ್ಕೆ ಆಗಲೇ ಆಲ್ವಿನ್ ಕಮಾರಾ ಇದ್ದರು, ಗೋಲ್ ಲೈನ್ ಹತ್ತಿರ ಟೇಸಮ್ ಹಿಲ್ ಇದ್ದರು. ಎರಡನೇ ವಾರದಲ್ಲಿ ತೊಡೆಯ ಸ್ನಾಯುವಿಗೆ ಗಾಯವೂ ಆಯಿತು. ಸೀಸನ್ ಮುಗಿದಾಗ 306 ಯಾರ್ಡ್, 1 ಟಚ್‌ಡೌನ್.

ಡೆಟ್ರಾಯಿಟ್‌ನಲ್ಲಿ ಏನಾಯಿತು? ಖಾಲಿಯಾದ ಕುರ್ಚಿಯಲ್ಲಿ ಇನ್ನೊಬ್ಬರು ಕೂತರು. ಶಿಕಾಗೊದಿಂದ ಬಂದ ಡೇವಿಡ್ ಮಾಂಟ್‌ಗೊಮರಿ 2023ರಲ್ಲಿ 1,015 ಯಾರ್ಡ್ ಓಡಿ 13 ರಶಿಂಗ್ ಟಚ್‌ಡೌನ್ ಗಳಿಸಿದರು. ಅದೇ ವರ್ಷ ಲಯನ್ಸ್ ತಂಡ ಎನ್‌ಎಫ್‌ಎಲ್ ಡ್ರಾಫ್ಟ್‌ನ (ನಿಜವಾದ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್) 12ನೇ ಆಯ್ಕೆಯಲ್ಲಿ ಜಮೀರ್ ಗಿಬ್ಸ್ ಅವರನ್ನು ತಂದಿತ್ತು. ಹೊಸ ಹುಡುಗನ ಬಗ್ಗೆ ಎಲ್ಲರಿಗೂ ಉತ್ಸಾಹ. ಫ್ಯಾಂಟಸಿ ಡ್ರಾಫ್ಟ್‌ಗಳಲ್ಲಿ ಗಿಬ್ಸ್ ಮುಂಚೆ ಹೋದರು, ಮಾಂಟ್‌ಗೊಮರಿ ಅವರಿಗಿಂತ ಎಷ್ಟೋ ತಡವಾಗಿ ಸಿಗುತ್ತಿದ್ದರು. ಗಿಬ್ಸ್ ಕೂಡ ಚೆನ್ನಾಗಿಯೇ ಆಡಿದರು. ಆದರೆ ಕೊಟ್ಟ ಬೆಲೆಗೆ ಜಾಸ್ತಿ ಸಿಕ್ಕಿದ್ದು ಮಾಂಟ್‌ಗೊಮರಿ ಅವರಿಂದ.

ಇದಕ್ಕೆ ಶೀಟ್‌ನಲ್ಲಿ ಒಂದು ಹೊಸ ಟ್ಯಾಬ್ ಬೇಕಾಯಿತು. ಅದರಲ್ಲಿ ಆಟಗಾರರ ಹೆಸರಿಲ್ಲ, 32 ತಂಡಗಳಿವೆ. ಪ್ರತಿ ತಂಡ ಹೋದ ವರ್ಷ ಗೋಲ್ ಲೈನಿನ 5 ಯಾರ್ಡ್ ಒಳಗೆ ಎಷ್ಟು ಸಲ ಓಡಿತು, ಅದರಲ್ಲಿ ಎಷ್ಟು ಕ್ವಾರ್ಟರ್‌ಬ್ಯಾಕ್ ಪಾಲು, ಎಷ್ಟು ರನ್ನಿಂಗ್ ಬ್ಯಾಕ್ ಪಾಲು, ಆ ಕೆಲಸ ಮಾಡಿದವರು ಈಗಲೂ ತಂಡದಲ್ಲಿದ್ದಾರಾ ಅನ್ನುವುದು ಒಂದೊಂದು ಕಾಲಂ. ಕೆಲಸ ಮಾಡಿದವರು ಹೋಗಿದ್ದು, ಕೋಚ್ ಅವರೇ ಉಳಿದಿದ್ದರೆ ಆ ತಂಡಕ್ಕೆ ಹಳದಿ ಬಣ್ಣ. ನಾನು ಹೆಚ್ಚು ನಂಬುವುದು ಈ ಟ್ಯಾಬ್ ಅನ್ನೇ. ಕೋಚ್ ಬದಲಾದರೆ ಈ ಲೆಕ್ಕವನ್ನು ಅಷ್ಟಾಗಿ ನಂಬುವಂತಿಲ್ಲ.

ರಿಸೀವರ್‌ಗಳಿಗೂ ಇದನ್ನೇ ಮಾಡಿದೆ, ತಂಡ ಬಿಟ್ಟುಹೋದವರ ಟಾರ್ಗೆಟ್ ಕೂಡಿಸಿ. ಇಲ್ಲಿ ಎಚ್ಚರ ಬೇಕು. ಡಾವಾಂಟೆ ಆ್ಯಡಮ್ಸ್ 2022ರಲ್ಲಿ ಗ್ರೀನ್ ಬೇ ಬಿಟ್ಟು ಲಾಸ್ ವೇಗಸ್‌ಗೆ ಹೋದಾಗ 169 ಟಾರ್ಗೆಟ್ ಖಾಲಿಯಾದವು. ಅವೆಲ್ಲ ಒಬ್ಬರಿಗೇ ಹೋಗಲಿಲ್ಲ. ಆ ವರ್ಷ ಗ್ರೀನ್ ಬೇಯಲ್ಲಿ ಹೆಚ್ಚು ಯಾರ್ಡ್ ಹಿಡಿದ ಅಲೆನ್ ಲಜಾರ್ಡ್ 788ಕ್ಕೆ ನಿಂತರು. ಗೋಲ್ ಲೈನ್ ಓಟ ಕೋಚ್ ಕೊಡುವ ಕೆಲಸ. ಟಾರ್ಗೆಟ್ ಹಾಗಲ್ಲ. ಡಿಫೆಂಡರ್‌ನಿಂದ ತಪ್ಪಿಸಿಕೊಂಡು ನಿಂತವನ ಕಡೆಗೇ ಚೆಂಡು ಬರುತ್ತದೆ. ಅದಕ್ಕೇ ಈ ಕಾಲಂಗೆ ಕಡಿಮೆ ತೂಕ ಕೊಟ್ಟಿದ್ದೇನೆ.

ವಯಸ್ಸಿಗೂ ಒಂದು ಕಾಲಂ ಇದೆ. 2023ರಲ್ಲಿ ಮಯಾಮಿಯ ರಹೀಮ್ ಮೋಸ್ಟರ್ಟ್ 31ನೇ ವಯಸ್ಸಿನಲ್ಲಿ 18 ರಶಿಂಗ್ ಟಚ್‌ಡೌನ್ ಗಳಿಸಿದರು. ಮುಂದಿನ ವರ್ಷ ಹೆಚ್ಚಿನ ಕೆಲಸ ಡಿವಾನ್ ಅಚೇನ್ ಪಾಲಾಯಿತು. 30 ದಾಟಿದ ರನ್ನಿಂಗ್ ಬ್ಯಾಕ್ ಹಿಂದೆ ಚುರುಕಾದ ಹುಡುಗ ನಿಂತಿದ್ದರೆ, ಬೆಲೆ ಕೊಡಬೇಕಾದದ್ದು ಆ ಹುಡುಗನಿಗೆ.

ಅಂಕದ ಅಂದಾಜು

ಇದು ಸರಳ. ತಂಡ 17 ಪಂದ್ಯಗಳಲ್ಲಿ ಎಷ್ಟು ಸಲ ಪಾಸ್ ಎಸೆಯುತ್ತದೆ (ಸಾಮಾನ್ಯವಾಗಿ 550ರಿಂದ 600), ಅದರಲ್ಲಿ ಆಟಗಾರನ ಪಾಲು ಎಷ್ಟು, ಹಿಡಿಯುವ ಪ್ರಮಾಣ ಎಷ್ಟು, ಕ್ಯಾಚ್‌ಗೆ ಎಷ್ಟು ಯಾರ್ಡ್, ಇವನ್ನು ಗುಣಿಸಿ, ಮೇಲೆ ಹೇಳಿದ ಟಚ್‌ಡೌನ್ ಲೆಕ್ಕ ಸೇರಿಸಬೇಕು. ಪಾಲಿನ ಲೆಕ್ಕಕ್ಕೆ ಮೂರು ಸೀಸನ್ ತೆಗೆದುಕೊಂಡು, ಇತ್ತೀಚಿನದಕ್ಕೆ ಜಾಸ್ತಿ ತೂಕ ಕೊಟ್ಟೆ. ಇದಕ್ಕಿಂತ ಹೆಚ್ಚು ಸೂಕ್ಷ್ಮ ಮಾಡಿದರೆ ಲಾಭ ಕಡಿಮೆ, ತಲೆನೋವು ಜಾಸ್ತಿ.

ಬೆಲೆ ಎಂದರೆ ಯಾರ ಬೆಲೆ?

ಎಡಿಪಿ ಒಂದೇ ಇಲ್ಲ. ಪ್ರತಿ ಆ್ಯಪ್‌ಗೆ ತನ್ನದೇ ಪಟ್ಟಿ ಇದೆ. ಡ್ರಾಫ್ಟ್ ಕೋಣೆಯಲ್ಲಿ ಗಡಿಯಾರ ಓಡುತ್ತಿರುವಾಗ ಹೆಚ್ಚಿನವರು ತಮ್ಮ ಆ್ಯಪ್ ಮೇಲೆ ತೋರಿಸಿದ ಹೆಸರುಗಳಲ್ಲೇ ಒಂದನ್ನು ಒತ್ತುತ್ತಾರೆ. ಹಾಗಾಗಿ ಹೋಲಿಸಬೇಕಾದದ್ದು ನಮ್ಮ ಲೀಗ್ ನಡೆಯುವ ಆ್ಯಪ್‌ನ ಪಟ್ಟಿಯ ಜೊತೆ. ಬೇರೆ ಆ್ಯಪ್‌ನಲ್ಲಿ 60ಕ್ಕೆ ಹೋಗುವವನು ನಮ್ಮಲ್ಲಿ 85ನೇ ಸಾಲಿನಲ್ಲಿದ್ದರೆ, ಅವನಿಗಾಗಿ 60ರಲ್ಲೇ ಆಯ್ಕೆ ಖರ್ಚು ಮಾಡಬೇಕಿಲ್ಲ.

ಎಷ್ಟು ಹೊತ್ತು ಕಾಯಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಫ್ಯಾಂಟಸಿ ಫುಟ್‌ಬಾಲ್ ಕ್ಯಾಲ್ಕುಲೇಟರ್ ಎಡಿಪಿ ಜೊತೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಹಿಂದೆಮುಂದೆ ಆಗುತ್ತದೆ ಅನ್ನುವ ಅಳತೆ) ಕೂಡ ಕೊಡುತ್ತದೆ. ನಮ್ಮ ಆ್ಯಪ್‌ನ ಎಡಿಪಿಗೆ ಅದನ್ನು ಜೋಡಿಸಿಕೊಂಡೆ. 5ನೇ ಜಾಗದಿಂದ ಡ್ರಾಫ್ಟ್ ಮಾಡಿದರೆ ನಮ್ಮ ಆಯ್ಕೆಗಳು 5, 20, 29, 44, 53 ಹೀಗೆ ಬರುತ್ತವೆ. ಎಡಿಪಿ 50, ಡೀವಿಯೇಷನ್ 6 ಇರುವವನು 53ರವರೆಗೂ ಉಳಿದಿರುವ ಸಾಧ್ಯತೆ, ಡ್ರಾಫ್ಟ್ ಶುರುವಾಗುವ ಮುಂಚೆ ಲೆಕ್ಕ ಹಾಕಿದರೆ, ಶೇ 31ರಷ್ಟು. ಗೂಗಲ್ ಶೀಟ್‌ನ ನಾರ್ಮ್ ಡಿಸ್ಟ್ ಫಂಕ್ಷನ್ ಇದನ್ನು ಒಂದೇ ಸೆಲ್‌ನಲ್ಲಿ ಕೊಡುತ್ತದೆ. ಅಂಥವನು ನಿಜಕ್ಕೂ ಬೇಕಾದರೆ 44ರಲ್ಲೇ ತೆಗೆದುಕೊಳ್ಳಿ. ಕೆಲವು ಸ್ಥಾನ ಮುಂಚೆ ತೆಗೆದುಕೊಂಡೆವು ಅಂತ ಹಿಂಜರಿಯುವುದರಲ್ಲಿ ಅರ್ಥವಿಲ್ಲ.

ಡ್ರಾಫ್ಟ್ ದಿನದ ಸ್ಕ್ರಿಪ್ಟ್

ನಮ್ಮ ಲೀಗ್ ಸ್ಲೀಪರ್ ಆ್ಯಪ್‌ನಲ್ಲಿದೆ. ಅದರ ಎಪಿಐ ಓದಲು ಟೋಕನ್ ಬೇಕಿಲ್ಲ. ಡ್ರಾಫ್ಟ್ ಐಡಿ ಕೊಟ್ಟರೆ ಆಗಿರುವ ಆಯ್ಕೆಗಳೆಲ್ಲ ಬರುತ್ತವೆ. ಸ್ಕ್ರಿಪ್ಟ್ ಕೆಲವು ಸೆಕೆಂಡಿಗೊಮ್ಮೆ ಅದನ್ನು ಕೇಳಿ, ಹೋದವರನ್ನು ಪಟ್ಟಿಯಿಂದ ತೆಗೆದು, ಉಳಿದವರನ್ನು ಮತ್ತೆ ಜೋಡಿಸುತ್ತದೆ. ನಿಮಿಷಕ್ಕೆ 1,000 ಕರೆಗಿಂತ ಕೆಳಗಿರಿ ಅಂತ ಅವರೇ ಹೇಳಿದ್ದಾರೆ, ನಮಗೆ ಅದರ ಹತ್ತಿರವೂ ಬೇಕಿಲ್ಲ. ಎಲ್ಲ ಆಟಗಾರರ ಪಟ್ಟಿ ಸುಮಾರು 5 ಎಂಬಿ ಇರುತ್ತದೆ. ಅದನ್ನು ದಿನಕ್ಕೊಮ್ಮೆ ಇಳಿಸಿಕೊಂಡರೆ ಸಾಕು.

ಪರದೆಯ ಮೇಲೆ ತೋರಿಸುವುದು ಕಡಿಮೆ ಇರಲಿ. ನಾನು ಇಟ್ಟದ್ದು ಹೆಸರು, ಪೊಸಿಷನ್, ಗೆರೆಗಿಂತ ಎಷ್ಟು ಅಂಕ ಹೆಚ್ಚು, ಮುಂದಿನ ಸರದಿಗೆ ಉಳಿಯುವ ಸಾಧ್ಯತೆ, ಹಸಿರು ಅಥವಾ ಕೆಂಪು. ಇದರ ಜೊತೆಗೆ ಅದೇ ಪೊಸಿಷನ್‌ನಲ್ಲಿ ಮುಂದಿನವನಿಗೂ ಇವನಿಗೂ ಅಂತರ ಎಷ್ಟು ಅನ್ನುವ ಒಂದು ಸಂಖ್ಯೆ. ಅಂತರ ದೊಡ್ಡದಿದ್ದರೆ ಈಗಲೇ ತೆಗೆದುಕೊಳ್ಳಬೇಕು. ಚಿಕ್ಕದಿದ್ದರೆ ಕಾಯಬಹುದು.

ಕೊನೆಯ ಸುತ್ತುಗಳಿಗೆ ಶೀಟ್‌ನ ಅಂಕವನ್ನು ನಾನು ನೋಡುವುದೇ ಇಲ್ಲ. ರಿಸೀವರ್ ಪೂಕಾ ನಕುವಾ 2023ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 177ನೇ ಆಯ್ಕೆಯಾಗಿ ರ‍್ಯಾಮ್ಸ್‌ಗೆ ಬಂದವರು. ಯಾವ ಪ್ರೊಜೆಕ್ಷನ್ ಕೂಡ ಅವರನ್ನು ಮೇಲೆ ಇಡುತ್ತಿರಲಿಲ್ಲ. 105 ಕ್ಯಾಚ್, 1,486 ಯಾರ್ಡ್ ಹಿಡಿದು ರೂಕಿ (ಮೊದಲ ಸೀಸನ್ ಆಡುವವರ) ದಾಖಲೆ ಬರೆದರು. ಆದರೆ ತಂಡದ ಮೊದಲ ಪಂದ್ಯದ ಹೊತ್ತಿಗೆ, ಅಲ್ಲಿನ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಗೊಂಡು ಮೊದಲ ನಾಲ್ಕು ಪಂದ್ಯಕ್ಕೆ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. 2020ರಲ್ಲಿ ಜಾಕ್ಸನ್‌ವಿಲ್ ತಂಡ ಸೀಸನ್‌ಗೆ ಸ್ವಲ್ಪ ಮುಂಚೆ ತನ್ನ ಮುಖ್ಯ ರನ್ನಿಂಗ್ ಬ್ಯಾಕ್ ಲೆನಾರ್ಡ್ ಫೋರ್ನೆಟ್ ಅವರನ್ನು ಬಿಟ್ಟುಕೊಟ್ಟಾಗಲೂ ಹೀಗೇ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಜೇಮ್ಸ್ ರಾಬಿನ್ಸನ್ ಆ ಕೆಲಸಕ್ಕೆ ಬಂದು 1,070 ಯಾರ್ಡ್ ಓಡಿದರು. ಅದಕ್ಕೇ ಕೊನೆಯ ನಾಲ್ಕೈದು ಆಯ್ಕೆಗೆ ಹಳದಿ ಟ್ಯಾಬ್ ತೆರೆದುಕೊಳ್ಳುತ್ತೇನೆ. ವಾರಕ್ಕೆ 7 ಅಂಕ ಖಚಿತವಾಗಿ ತರುವ ಹಳಬರಿಗಿಂತ, ದೊಡ್ಡ ಕೆಲಸ ಖಾಲಿ ಇರುವ ತಂಡದಲ್ಲಿ ಸಾಲಿನಲ್ಲಿ ನಿಂತಿರುವವರು ಬೇಕು. ಕಿಕರ್, ಡಿಫೆನ್ಸ್ ಕಟ್ಟಕಡೆಯ ಎರಡು ಸುತ್ತಿಗೆ.

ಡ್ರಾಫ್ಟ್ ಆದ ಮೇಲೆ ಶೀಟ್ ಮುಚ್ಚಬೇಡಿ. ಮೊದಲ ವಾರ ಮುಗಿದ ಮಂಗಳವಾರ ಹೊಸ ಟಾರ್ಗೆಟ್ ಪಾಲನ್ನು ಹೋದ ವರ್ಷದ ಪಕ್ಕದಲ್ಲಿ ಹಾಕಿ. ನಕುವಾ ಅವರಿಗೆ ಮೊದಲ ಪಂದ್ಯದಲ್ಲೇ 15 ಟಾರ್ಗೆಟ್ ಬಂದಿದ್ದವು. ಟಚ್‌ಡೌನ್ ಇರಲಿಲ್ಲ. ಟಚ್‌ಡೌನ್ ಪಟ್ಟಿ ನೋಡಿದವರಿಗೆ ಅವರು ಕಾಣುತ್ತಿರಲಿಲ್ಲ, ಟಾರ್ಗೆಟ್ ಕಾಲಂ ನೋಡಿದವರು ಬುಧವಾರದ ವೇವರ್‌ಗೆ (ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಸೇರಿಸಿಕೊಳ್ಳುವ ಸರದಿ) ಮೊದಲೇ ಹೆಸರು ಹಾಕಿಡಬಹುದಿತ್ತು.